ಬೀಡಾಡಿ ಬೆಕ್ಕುಗಳು ಮತ್ತು ತಪ್ಪಿದ ಲೆಕ್ಕ

ಪತ್ರಿಕೆಗಳಲ್ಲಿ ಒಂದು ಬಗೆಯ ಸುದ್ದಿಯನ್ನು ನೀವು ಆಗಾಗ ಓದಿರುತ್ತೀರಿ: ಇಂಥ ನಗರದಲ್ಲಿ ಈ ವರ್ಷ ಇಷ್ಟು ಸಾವಿರ ಬೀದಿಪ್ರಾಣಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲಾಯಿತು. ಅದೇ ಪುಟದ ಇನ್ನೊಂದು ಮೂಲೆಯಲ್ಲಿ ಬೀದಿಪ್ರಾಣಿಗಳ ಹಾವಳಿ ಹೆಚ್ಚಿತೆಂಬ ದೂರೂ ಇರುತ್ತದೆ. ಎರಡೂ ಏಕಕಾಲಕ್ಕೆ ನಿಜವಾಗಿರಲು ಸಾಧ್ಯವೇ? ಖಂಡಿತ ಸಾಧ್ಯ. ಹೇಗೆಂದು ತಿಳಿಯಲು ಸ್ವಲ್ಪ ಅಂಕಗಣಿತ ಸಾಕು. ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ಹಿಡಿದಲ್ಲಿಯೇ ಬಿಡುವ ವಿಧಾನದ ಬಗೆಗೆ ನನಗೆ ಆಕ್ಷೇಪವಿಲ್ಲ. ಅದರ ಯಶಸ್ಸನ್ನು ನಾವು ಅಳೆಯುತ್ತಿರುವ ರೀತಿಯ ಬಗೆಗೆ ಇದೆ.

ವಿಜಯಪುರದ ಸಮೀಪದ ಅರಕೇರಿ ಜೋಳ ಬೆಳೆಯುವ ಊರು. ಅಮೋಘಸಿದ್ಧನ ಗುಡಿಯಿಂದಾಗಿ ಸುತ್ತಲಿನ ಕುರಿಗಾಹಿಗಳಿಗೆಲ್ಲ ಪರಿಚಿತ. ಜೋಳದ ಚೀಲವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ನಾನು ಚಿಕ್ಕವನಿದ್ದಾಗ ಅಜ್ಜಿ, "ಮರಿ ಭಾಳ ಆಗ್ಯಾವ, ಚೀಲದಾಗ ಹಾಕ್ಕೊಂಡು ಗುಡ್ಡದ ಆಕಡೆ ಬಿಟ್ಟು ಬಾ" ಎನ್ನುತ್ತಿದ್ದಳು. ಎರಡು ಸಲ ಹಾಗೆ ಮಾಡಿದ್ದೇನೆ. ತಾಯಿಬೆಕ್ಕು ಮಾಳಿಗೆಯ ಮೇಲೆ ಮೂರು ರಾತ್ರಿ ಕೂಗಿತು. ಮೂರು ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಮರಿ ಹಾಕಿತು. ಚೀಲದಿಂದ ಮರಿಗಳು ಹೋದವು, ಮರಿ ಹುಟ್ಟುವ ಕಾರಣ ಮನೆಯಲ್ಲೇ ಉಳಿಯಿತು.

ಹಿಡಿದಲ್ಲಿಯೇ ಬಿಡುವುದೇಕೆ?

ಈ ವಿಧಾನದಲ್ಲಿ ಬೆಕ್ಕನ್ನು ಆಹಾರವಿಟ್ಟ ಬೋನಿನಲ್ಲಿ ಹಿಡಿಯುತ್ತಾರೆ. ಅರಿವಳಿಕೆ ಕೊಟ್ಟು ಹೆಣ್ಣಿನ ಅಂಡಾಶಯವನ್ನು, ಸಾಮಾನ್ಯವಾಗಿ ಗರ್ಭಕೋಶವನ್ನೂ, ಗಂಡಿನ ವೃಷಣಗಳನ್ನು ತೆಗೆಯುತ್ತಾರೆ. ರೇಬೀಸ್ ಲಸಿಕೆ ಹಾಕುತ್ತಾರೆ. ಮತ್ತೆ ಅದನ್ನೇ ಹಿಡಿಯದಂತೆ ಒಂದು ಕಿವಿಯ ತುದಿಯನ್ನು ಗುರುತಿಗಾಗಿ ಕತ್ತರಿಸಿ, ಚೇತರಿಸಿಕೊಂಡ ಮೇಲೆ ಹಿಡಿದ ಜಾಗದಲ್ಲೇ ಬಿಡುತ್ತಾರೆ.

"ಹಿಡಿದ ಮೇಲೆ ದೂರ ಬಿಟ್ಟರಾಗದೇ?" ಎಂದು ನೀವು ಕೇಳಬಹುದು. ಒಂದು ಜಾಗದಲ್ಲಿ ಎಷ್ಟು ಬೆಕ್ಕುಗಳು ಬದುಕಬಲ್ಲವೆಂಬುದನ್ನು ಅಲ್ಲಿನ ಆಹಾರ ಮತ್ತು ಆಶ್ರಯ ನಿರ್ಧರಿಸುತ್ತವೆ. ಅವು ಹಾಗೆಯೇ ಉಳಿದರೆ ತೆರವಾದ ಜಾಗಕ್ಕೆ ಅಕ್ಕಪಕ್ಕದ ಬೆಕ್ಕುಗಳು ಬರುತ್ತವೆ. ಶಸ್ತ್ರಚಿಕಿತ್ಸೆಯಾದ ಬೆಕ್ಕು ಅಲ್ಲಿಯೇ ಇದ್ದರೆ ಆ ಆಹಾರದ ಪಾಲು ತಿನ್ನುತ್ತದೆ, ಆದರೆ ಮರಿ ಹಾಕುವುದಿಲ್ಲ. ಇದು ಸರಿಯಾದ ತರ್ಕ. ಆದರೆ ಇದು ಎಷ್ಟು ಬೆಕ್ಕುಗಳಿಗೆ ಅನ್ವಯಿಸಿದಾಗ ಫಲ ಕೊಡುತ್ತದೆ ಎಂಬ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ.

ಒಂದು ಸರಳ ಲೆಕ್ಕ

ಒಂದು ಕೇರಿಯಲ್ಲಿ 40 ವಯಸ್ಕ ಬೆಕ್ಕುಗಳಿವೆ, ಅವುಗಳಲ್ಲಿ 20 ಹೆಣ್ಣು ಎಂದಿಟ್ಟುಕೊಳ್ಳೋಣ. ಬೆಕ್ಕಿನ ಗರ್ಭಾವಧಿ ಸುಮಾರು 9 ವಾರ. ಅಮೆರಿಕದಲ್ಲಿ ಬೀಡಾಡಿ ಬೆಕ್ಕುಗಳನ್ನು ಕುರಿತು ನಡೆದ, 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದು ಹೆಣ್ಣು ವರ್ಷಕ್ಕೆ ಸರಾಸರಿ 1.4 ಸಲ, ಸಲಕ್ಕೆ ಸುಮಾರು 3 ಮರಿ ಹಾಕಿತ್ತು. ಆ ಮರಿಗಳಲ್ಲಿ ಶೇ. 75ರಷ್ಟು ಆರು ತಿಂಗಳೊಳಗೆ ಸತ್ತವು ಅಥವಾ ಕಾಣೆಯಾದವು. ಹಾಗಾದರೆ ಹೆಣ್ಣೊಂದಕ್ಕೆ ವರ್ಷಕ್ಕೆ 4.2 ಮರಿ, ಉಳಿಯುವುದು ಸುಮಾರು 1. ಇಪ್ಪತ್ತು ಹೆಣ್ಣುಗಳಿಂದ ವರ್ಷಕ್ಕೆ 21 ಹೊಸ ಬೆಕ್ಕುಗಳು. ವಯಸ್ಕ ಬೆಕ್ಕುಗಳಲ್ಲಿ ಮೂರನೆಯ ಒಂದು ಭಾಗ, ಅಂದರೆ ಸುಮಾರು 13, ಪ್ರತಿವರ್ಷ ಸಾಯುತ್ತವೆ ಎಂದು ಊಹಿಸಿದರೆ ಕೇರಿಯಲ್ಲಿ 8 ಬೆಕ್ಕು ಹೆಚ್ಚುತ್ತವೆ.

ಹುಟ್ಟನ್ನು ಸಾವಿಗೆ ಸಮ ಮಾಡಲು 8 ಹೆಣ್ಣುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರೆ ಸಾಕು ಎನಿಸುತ್ತದೆ. ಇಲ್ಲಿಯೇ ನಾವು ಎಡವುವುದು. ಮರಿಗಳು ಕಡಿಮೆಯಾದಂತೆ ಉಳಿದ ಮರಿಗಳಿಗೆ ಹೆಚ್ಚು ಆಹಾರ ಸಿಗುತ್ತದೆ, ಬದುಕುಳಿಯುವ ಪ್ರಮಾಣ ಏರುತ್ತದೆ. ನಾಲ್ಕರಲ್ಲಿ ಒಂದರ ಬದಲು ಎರಡು ಉಳಿದರೆ ಹೆಣ್ಣೊಂದಕ್ಕೆ 2.1 ಹೊಸ ಬೆಕ್ಕು. ಆಗ ಫಲವಂತ ಹೆಣ್ಣುಗಳು 6ಕ್ಕಿಂತ ಹೆಚ್ಚಿರಬಾರದು. ಅಂದರೆ 20ರಲ್ಲಿ 14ಕ್ಕೆ, ಶೇ. 70ಕ್ಕೆ, ಶಸ್ತ್ರಚಿಕಿತ್ಸೆ ಆಗಿರಬೇಕು. ಇನ್ನು ಯಾರೋ ಚೀಲದಲ್ಲಿ ತಂದು ಬಿಟ್ಟ ಮೂರು ಬೆಕ್ಕು ವರ್ಷಕ್ಕೆ ಸೇರಿಕೊಂಡರೆ ಈ ಸಂಖ್ಯೆ 16ಕ್ಕೆ, ಶೇ. 80ಕ್ಕೆ, ಏರುತ್ತದೆ. ಈ ಲೆಕ್ಕದಲ್ಲಿ ಗಂಡುಗಳನ್ನು ನಾನು ಸೇರಿಸಿಲ್ಲ. 20 ಗಂಡುಗಳಲ್ಲಿ 15ಕ್ಕೆ ಶಸ್ತ್ರಚಿಕಿತ್ಸೆ ಮಾಡಿದರೂ ಉಳಿದ ಐದು ಎಲ್ಲ ಹೆಣ್ಣುಗಳನ್ನೂ ಕೂಡಬಲ್ಲವು.

ಈಗ ಊರಿನಲ್ಲಿ ಇಂಥ ನಾಲ್ಕು ಕೇರಿಗಳಿವೆ, ವರ್ಷಕ್ಕೆ 16 ಹೆಣ್ಣುಗಳಿಗೆ ಶಸ್ತ್ರಚಿಕಿತ್ಸೆ ಮಾಡುವಷ್ಟು ಹಣವಿದೆ ಎನ್ನಿ. ಕೇರಿಗೆ ನಾಲ್ಕರಂತೆ ಹಂಚಿದರೆ ಪ್ರತಿ ಕೇರಿಯಲ್ಲೂ 16 ಫಲವಂತ ಹೆಣ್ಣುಗಳು ಉಳಿಯುತ್ತವೆ. ಮೊದಲಿನ ಬದುಕುಳಿವ ಪ್ರಮಾಣವನ್ನೇ ಹಿಡಿದರೂ ಹುಟ್ಟು 17, ಸಾವು 13. ನಾಲ್ಕೂ ಕಡೆ ಸಂಖ್ಯೆ ಏರುತ್ತದೆ. ಆ ಹದಿನಾರನ್ನೂ ಒಂದೇ ಕೇರಿಯಲ್ಲಿ ಮಾಡಿದರೆ ಅಲ್ಲಿ ಏರಿಕೆ ನಿಲ್ಲುತ್ತದೆ. ಮುಂದಿನ ವರ್ಷ ಹೊಸಬರನ್ನಷ್ಟೇ ನೋಡಿಕೊಂಡು ಪಕ್ಕದ ಕೇರಿಗೆ ಹೋಗಬಹುದು. ದಫ್ತರಿನಲ್ಲಿ ಎರಡಕ್ಕೂ ಬರೆಯುವುದು ಒಂದೇ: "16 ಶಸ್ತ್ರಚಿಕಿತ್ಸೆ". ವರದಿಯಲ್ಲಿ ವ್ಯತ್ಯಾಸ ಕಾಣದು, ಕೇರಿಯಲ್ಲಿ ಕಾಣುತ್ತದೆ.

ಅನುಭವ ಏನು ಹೇಳುತ್ತದೆ?

ಇದು ಕಾಗದದ ಲೆಕ್ಕ ಮಾತ್ರವಲ್ಲ. ಅಮೆರಿಕದ ಸ್ಯಾನ್ ಡಿಯಾಗೊ ಕೌಂಟಿಯಲ್ಲಿ 1992ರಿಂದ 2003ರವರೆಗೆ 14 ಸಾವಿರಕ್ಕೂ ಹೆಚ್ಚು, ಫ್ಲಾರಿಡಾದ ಅಲಾಚುವಾ ಕೌಂಟಿಯಲ್ಲಿ 1998ರಿಂದ 2004ರವರೆಗೆ 11 ಸಾವಿರಕ್ಕೂ ಹೆಚ್ಚು ಬೀಡಾಡಿ ಬೆಕ್ಕುಗಳಿಗೆ ಶಸ್ತ್ರಚಿಕಿತ್ಸೆ ನಡೆಯಿತು. 2005ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಎರಡೂ ಕಡೆ ಸಂಖ್ಯೆ ಇಳಿಯುವ ಲಕ್ಷಣ ಕಾಣಲಿಲ್ಲ. ಇಳಿಯಲು ಶೇ. 71ರಿಂದ 94ರಷ್ಟು ಬೆಕ್ಕುಗಳಿಗೆ ಶಸ್ತ್ರಚಿಕಿತ್ಸೆ ಆಗಿರಬೇಕಿತ್ತು. ಅದೇ ಫ್ಲಾರಿಡಾದ ಒಂದು ವಿಶ್ವವಿದ್ಯಾಲಯದ ಆವರಣದಲ್ಲಿ 1996ರಲ್ಲಿ 68 ಇದ್ದ ಬೆಕ್ಕುಗಳು 2002ಕ್ಕೆ 23ಕ್ಕಿಳಿದವು. ಜಾಗಕ್ಕೆ ಮಿತಿಯಿತ್ತು, ಹೊಸದಾಗಿ ಬಂದ ಬೆಕ್ಕುಗಳ ಮೇಲೆ ಕಣ್ಣಿತ್ತು. ಆದರೆ ಅಧ್ಯಯನದ ಅವಧಿಯಲ್ಲಿ ಕಂಡ ಬೆಕ್ಕುಗಳಲ್ಲಿ ಸುಮಾರು ಅರ್ಧದಷ್ಟನ್ನು ಜನ ಮನೆಗೆ ಒಯ್ದು ಸಾಕಿಕೊಂಡರೆಂಬುದನ್ನೂ ಮರೆಯಬಾರದು. ಶ್ರೇಯಸ್ಸು ಶಸ್ತ್ರಚಿಕಿತ್ಸೆಯೊಂದಕ್ಕೇ ಸಲ್ಲದು.

ನಮ್ಮ ದೇಶದ ಅನುಭವ ಹೆಚ್ಚಾಗಿ ನಾಯಿಗಳದು. ಜೈಪುರದ ಕಾರ್ಯಕ್ರಮದಲ್ಲಿ 1994ರ ನವೆಂಬರಿನಿಂದ 2002ರ ಅಂತ್ಯದವರೆಗೆ 19 ಸಾವಿರಕ್ಕೂ ಹೆಚ್ಚು ಬೀದಿನಾಯಿಗಳಿಗೆ ಶಸ್ತ್ರಚಿಕಿತ್ಸೆ, ಲಸಿಕೆ ಎರಡೂ ಆದವು. ಆ ಪ್ರದೇಶದ ಹೆಣ್ಣುನಾಯಿಗಳಲ್ಲಿ ಶೇ. 65ರಷ್ಟಕ್ಕೆ ಶಸ್ತ್ರಚಿಕಿತ್ಸೆಯಾಗಿತ್ತು, ನಾಯಿಗಳ ಸಂಖ್ಯೆ ಶೇ. 28ರಷ್ಟು ಇಳಿಯಿತು, ಮನುಷ್ಯರಲ್ಲಿ ರೇಬೀಸ್ ಪ್ರಕರಣಗಳು ಸೊನ್ನೆಗೆ ಬಂದವು. ಈ ವರದಿಯಲ್ಲಿ ನಾನು ಮೆಚ್ಚುವುದು 19 ಸಾವಿರವನ್ನಲ್ಲ, "ಹೆಣ್ಣುಗಳಲ್ಲಿ ಶೇ. 65" ಎಂಬ ಮಾತನ್ನು.

ಬೆಂಗಳೂರಿಗೆ ಬರೋಣ. ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸಮೀಕ್ಷೆಗಳ ಪ್ರಕಾರ 2019ರಲ್ಲಿ ಸುಮಾರು 3.10 ಲಕ್ಷ ಬೀದಿನಾಯಿಗಳಿದ್ದವು, 2023ರಲ್ಲಿ ಸುಮಾರು 2.79 ಲಕ್ಷ. ಶಸ್ತ್ರಚಿಕಿತ್ಸೆಯಾದವುಗಳ ಪಾಲು ಸುಮಾರು ಶೇ. 51ರಿಂದ 72ಕ್ಕೆ ಏರಿತ್ತು. ಬರಿಯ ಶಸ್ತ್ರಚಿಕಿತ್ಸೆಗಳನ್ನು ಎಣಿಸದೆ ನಾಯಿಗಳನ್ನೂ ಎಣಿಸಿದ್ದು ದೊಡ್ಡ ಹೆಜ್ಜೆ. ಆದರೂ ಇವು ಆಯ್ದ ಜಾಗಗಳಲ್ಲಿ ಎಣಿಸಿ ಇಡೀ ನಗರಕ್ಕೆ ಅಂದಾಜು ಕಟ್ಟಿದ ಸಂಖ್ಯೆಗಳು. ಪ್ರಯೋಗಾಲಯದಲ್ಲಿ ಎರಡು ಅಳತೆಗಳ ನಡುವೆ ಶೇ. 10ರ ವ್ಯತ್ಯಾಸ ತೋರಿಸಿದ ವಿದ್ಯಾರ್ಥಿಗೆ ನಾನು ಮೊದಲು ಕೇಳುವುದು ದೋಷಮಿತಿಯನ್ನು. ಇಲ್ಲಿಯೂ ಅದೇ ಪ್ರಶ್ನೆ. ಇಡೀ ನಗರಕ್ಕೆ ಶೇ. 72 ಎಂದರೆ ಕೆಲವು ಬಡಾವಣೆಗಳಲ್ಲಿ 90, ಕೆಲವು ಅಂಚುಗಳಲ್ಲಿ 40 ಇರಬಹುದು. ಆ ಅಂಚುಗಳಿಂದಲೇ ಮರಿಗಳು ಬರುತ್ತವೆ.

ಎದುರು ವಾದಗಳು

ಬೆಕ್ಕು ಬೇಟೆಗಾರ ಪ್ರಾಣಿ. ಶಸ್ತ್ರಚಿಕಿತ್ಸೆಯಾದ ಮೇಲೂ ಹಕ್ಕಿ, ಓತಿಕ್ಯಾತಗಳನ್ನು ಹಿಡಿಯುತ್ತದೆ. ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ 130ರಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆಂದು 2013ರ ಅಧ್ಯಯನವೊಂದು ಅಂದಾಜಿಸಿದೆ. ಪಕ್ಷಿತಜ್ಞರ ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಅಪರೂಪದ ಹಕ್ಕಿಗಳು ಗೂಡು ಕಟ್ಟುವಲ್ಲಿಗೆ ಬೆಕ್ಕುಗಳನ್ನು ಮರಳಿ ಬಿಡುವುದು ಸರಿಯಲ್ಲ. ಇಳಿಕೆ ನಿಧಾನವಾದಷ್ಟೂ ಹಕ್ಕಿಗಳು ತೆರುವ ಬೆಲೆ ಹೆಚ್ಚು. ಹಾಗಾಗಿ ಅರೆಬರೆ ಕಾರ್ಯಕ್ರಮ ಎರಡೂ ಕಡೆಯವರಿಗೆ ನಷ್ಟ.

ಇನ್ನೊಂದು ವಾದ ಜನರ ಸುರಕ್ಷತೆಯದು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಪೀಠವೊಂದು ದೆಹಲಿ ಪ್ರದೇಶದ ಬೀದಿನಾಯಿಗಳನ್ನು ಆಶ್ರಯಧಾಮಗಳಿಗೆ ಸಾಗಿಸಲು ಆದೇಶಿಸಿತು. ಆಗಸ್ಟ್ 22ರಂದು ದೊಡ್ಡ ಪೀಠವೊಂದು ಅದನ್ನು ಮಾರ್ಪಡಿಸಿ, ರೇಬೀಸ್ ಇರುವ ಹಾಗೂ ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಉಳಿದವನ್ನು ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ನಂತರ ಹಿಡಿದಲ್ಲಿಗೇ ಬಿಡಬೇಕೆಂದಿತು. ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಆವರಣಗಳಿಂದ ಹಿಡಿದವನ್ನು ಅಲ್ಲಿಗೆ ಮರಳಿಸಬಾರದೆಂದಿತು. ಮಗುವಿಗೆ ನಾಯಿ ಕಚ್ಚಿದ ತಂದೆಗೆ ಶೇಕಡಾವಾರು ಪಾಠ ಹೇಳುವ ಧೈರ್ಯ ನನಗಿಲ್ಲ. ಅವನಿಗೆ ಇಂದೇ ಬೇಕಾದದ್ದು ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆಯುವ ತಿಳಿವಳಿಕೆ ಮತ್ತು ಹತ್ತಿರದ ಆಸ್ಪತ್ರೆಯಲ್ಲಿ ಲಸಿಕೆ. ಬೆಕ್ಕು ಕಚ್ಚಿದರೂ ಪರಚಿದರೂ ಇದೇ ಕ್ರಮ. ಸಂಖ್ಯೆ ಇಳಿಯಲು ವರ್ಷಗಳು ಬೇಕು. ಲಸಿಕೆಗೆ ಅಷ್ಟು ಕಾಯಬೇಕಿಲ್ಲ.

2001ರ ನಿಯಮಗಳ ಹೆಸರಿನಲ್ಲೇ ನಾಯಿ ಎಂಬ ಪದವಿತ್ತು. ಅವುಗಳ ಬದಲಿಗೆ ಬಂದ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಹೆಸರಿನಲ್ಲಿ ಅದಿಲ್ಲ. ಆದರೂ ಬಹುಭಾಗ ಬೀದಿನಾಯಿಗಳನ್ನು ಕುರಿತದ್ದೇ. ಬೆಕ್ಕಿನ ಕೆಲಸ ಇನ್ನೂ ಶುರುವಾಗಬೇಕಾದ ಊರುಗಳಲ್ಲಿ ಒಂದು ಅನುಕೂಲವಿದೆ: ಮೊದಲಿನಿಂದಲೇ ಸರಿಯಾಗಿ ಎಣಿಸಬಹುದು.

ನಿಮ್ಮ ಊರಿನಲ್ಲಿ ಇಂಥ ಕಾರ್ಯಕ್ರಮ ನಡೆದರೆ ಮೂರು ಪ್ರಶ್ನೆ ಕೇಳಿ. ಈ ಕೇರಿಯಲ್ಲಿ ಮೊದಲು ಎಷ್ಟಿದ್ದವು, ಈಗ ಎಷ್ಟಿವೆ? ಹೆಣ್ಣುಗಳಲ್ಲಿ ಶೇಕಡಾ ಎಷ್ಟಕ್ಕೆ ಆಗಿದೆ? ಹೊಸದಾಗಿ ಬಂದವೆಷ್ಟು? ಎಣಿಸಲು ಹೈಸ್ಕೂಲಿನ ಹತ್ತು ಮಕ್ಕಳು, ಒಂದು ನೋಟ್‌ಬುಕ್ ಸಾಕು. ಅರಕೇರಿಯಂಥ ಊರಿನಲ್ಲಿ ಒಂದು ಕೇರಿಯಿಂದ ಶುರುಮಾಡಿ, ಅಲ್ಲಿ ಶೇ. 80 ಮುಟ್ಟುವವರೆಗೆ ಮುಂದಿನ ಕೇರಿಗೆ ಹೋಗದಿದ್ದರೆ, ಮರಿಗಳನ್ನು ಚೀಲದಲ್ಲಿ ತುಂಬಿ ಗುಡ್ಡದಾಚೆ ಬಿಟ್ಟು ಬರಲು ಯಾವ ಅಜ್ಜಿಯೂ ಮೊಮ್ಮಗನನ್ನು ಕಳಿಸಬೇಕಾಗುವುದಿಲ್ಲ.