ಹೊರಗೆ ನಿಂತವರ ಯುದ್ಧ: ಮಾರ್ವೆಲ್ ವರ್ಸಸ್ ಕ್ಯಾಪ್ಕಾಮ್ 2ರ ರಸಿಕರಿಗೊಂದು ಕೈಪಿಡಿ

ಬಲ್ಲವರಿಬ್ಬರು ಮಾರ್ವೆಲ್ ವರ್ಸಸ್ ಕ್ಯಾಪ್ಕಾಮ್ 2 ಎಂಬ ಕಾಳಗದ ವಿಡಿಯೋ ಗೇಮನ್ನು ಎದುರುಬದುರಾಗಿ ಕುಳಿತು ಆಡುತ್ತಿರುವಾಗ ಅದನ್ನು ಮೊದಲ ಬಾರಿಗೆ ನೋಡುವವನಿಗೆ, ಯಾರು ಹೊಡೆದರು, ಯಾರು ಬಿದ್ದರು, ಇಡೀ ತೆರೆಯನ್ನು ವ್ಯಾಪಿಸಿ ಹರಿದುಹೋದ ಆ ಬೆಳಕು ಯಾರದು ಎಂಬುದೊಂದೂ ತಿಳಿಯುವುದಿಲ್ಲ. ಪರಸ್ಥಳದ ಸಂತೆಯ ನಡುವೆ ನಿಂತವನಿಗೆ ಮೊದಲು ಗದ್ದಲವೊಂದೇ ಕೇಳಿಸಿ, ಕಿವಿ ಪಳಗಿದ ಮೇಲೆ ಒಂದೊಂದು ಅಂಗಡಿಯ ಚೌಕಾಸಿಯೂ ಬೇರೆಬೇರೆಯಾಗಿ ಕೇಳತೊಡಗುವಂತೆ, ಇಲ್ಲಿಯೂ ಕಣ್ಣು ಪಳಗಬೇಕು. ಅದನ್ನು ಪಳಗಿಸುವ ದಾರಿ ಯಾವುದೆಂದು ನನಗೆ ತೋರಿದಮಟ್ಟಿಗೆ ಹೇಳುವುದೇ ಈ ಬರಹದ ಉದ್ದೇಶ. ಮೊದಲೇ ಒಂದು ಮಾತನ್ನು ಹೇಳಿಬಿಡುತ್ತೇನೆ: ಈ ಆಟದ ಸಾರವಿರುವುದು ತೆರೆಯ ಮೇಲೆ ಸೆಣಸುತ್ತಿರುವ ವೀರನಲ್ಲಿ ಅಲ್ಲ, ಅವನ ಬೆನ್ನ ಹಿಂದೆ, ತೆರೆಯ ಆಚೆ, ಕರೆಗಾಗಿ ಕಾದು ನಿಂತಿರುವ ಇಬ್ಬರಲ್ಲಿ.

ಜಪಾನಿನ ಒಸಾಕಾ ನಗರದ ಕ್ಯಾಪ್ಕಾಮ್ ಸಂಸ್ಥೆ 1991ರಲ್ಲಿ ಸ್ಟ್ರೀಟ್ ಫೈಟರ್ 2 ಎಂಬ ಗೇಮನ್ನು ಆರ್ಕೇಡುಗಳಿಗೆ ತಂದು ಇಬ್ಬರ ದ್ವಂದ್ವಯುದ್ಧಕ್ಕೆ ಒಂದು ವ್ಯಾಕರಣವನ್ನೇ ರಚಿಸಿಕೊಟ್ಟಿತು. ಅದೇ ಸಂಸ್ಥೆ ಅಮೆರಿಕದ ಮಾರ್ವೆಲ್ ಕಾಮಿಕ್ಸಿನ ವೀರರನ್ನು ಎರವಲು ಪಡೆದು 1994ರಲ್ಲಿ ಎಕ್ಸ್-ಮೆನ್ ಪಾತ್ರಗಳದ್ದೇ ಒಂದು ಕಾಳಗವನ್ನು ನಿರ್ಮಿಸಿ, 1996ರಲ್ಲಿ ತನ್ನ ಬೀದಿ ಕಾಳಗದ ವೀರರನ್ನೂ ಆ ಎಕ್ಸ್-ಮೆನ್‌ರನ್ನೂ ಒಂದೇ ಅಂಕಣಕ್ಕೆ ಇಳಿಸಿತು. ಪ್ರತಿಯೊಬ್ಬ ಆಟಗಾರನಿಗೂ ಇಬ್ಬಿಬ್ಬರ ತಂಡ ಬಂದುದು ಅಂದಿನಿಂದ. ಆ ಪರಂಪರೆ ಬೆಳೆಯುತ್ತ ಬಂದು 2000ದಲ್ಲಿ ಮೈದಳೆದ ಕೃತಿಯೇ ನಮ್ಮ ಇಂದಿನ ವಿಷಯ. ತಂಡಕ್ಕೆ ಮೂವರು; ಆಯ್ದುಕೊಳ್ಳಲು 56 ಪಾತ್ರಗಳು. ಹಲ್ಕ್, ಸ್ಪೈಡರ್-ಮ್ಯಾನ್, ವುಲ್ವರಿನ್ ಒಂದು ಕಡೆ, ರ್ಯು, ಚುನ್-ಲಿ, ಮೆಗಾ ಮ್ಯಾನ್ ಇನ್ನೊಂದು ಕಡೆ. 1984ರ ಒಂದು ಹಳೆಯ ಗೇಮಿನ ವಾನರವಂಶದಲ್ಲಿ ಹುಟ್ಟಿದ ಸನ್‌ಸನ್ ಎಂಬ ಹುಡುಗಿಯೂ ಇದ್ದಾಳೆ. ಮೊಣಕಾಲೆತ್ತರದ ಸರ್ವ್‌ಬಾಟ್ ಎಂಬ ಯಂತ್ರಶಿಶು ಮಹಾಕಾಯನಾದ ಸೆಂಟಿನಲ್ಲನ ಪಾದದ ಬಳಿ ನಿಂತು ಕಾದುವುದನ್ನು ಕಾಣುವುದೇ ಒಂದು ಹರ್ಷ. ಎಲ್ಲರನ್ನೂ ಒಂದೇ ಅಳತೆಗೆ ಕತ್ತರಿಸಿ ಸಮಮಾಡದೆ ಅವರವರ ಗಾತ್ರ, ವೇಗ, ಸ್ವಭಾವಗಳನ್ನು ಹಾಗೆಯೇ ಉಳಿಸಿಕೊಂಡ ಔದಾರ್ಯದಲ್ಲಿಯೇ ಈ ಕೃತಿಯ ಗುಣವೂ ಹುಟ್ಟಿತು, ದೋಷವೂ ಹುಟ್ಟಿತು.

ನಿಯಮಗಳನ್ನು ಸಂಕ್ಷೇಪವಾಗಿ ತಿಳಿದರೆ ಸಾಕು. ಜಾಯ್‌ಸ್ಟಿಕ್ಕಿನ ಪಕ್ಕದಲ್ಲಿ ಆರು ಬಟನ್‌ಗಳು: ಲಘು ಗುದ್ದು, ಗುರು ಗುದ್ದು, ಲಘು ಒದೆತ, ಗುರು ಒದೆತ, ಉಳಿದೆರಡು ಬಟನ್‌ಗಳು ಹೊರಗಿರುವ ಇಬ್ಬರು ಸಂಗಾತಿಗಳಿಗೆ ಒಂದೊಂದು. ಆ ಬಟನ್ನನ್ನು ತಟ್ಟಿದ ಕೂಡಲೇ ಸಂಗಾತಿ ಒಳನುಗ್ಗಿ, ತನಗೆ ವಿಧಿಸಿದ ಒಂದೇ ಒಂದು ಪಟ್ಟನ್ನು ಪ್ರಯೋಗಿಸಿ, ಹಿಂದಿರುಗುತ್ತಾನೆ. ಇದಕ್ಕೆ ಅಸಿಸ್ಟ್ ಎಂದು ಹೆಸರು. ಆಲ್ಫಾ, ಬೀಟಾ, ಗಾಮಾ ಎಂಬ ಮೂರು ಬಗೆಗಳಲ್ಲಿ ಯಾವ ಬಗೆಯ ಸಹಾಯ ಬೇಕೆಂಬುದನ್ನು ಕಾಳಗಕ್ಕೆ ಮುನ್ನವೇ ನಿಶ್ಚಯಿಸಿಕೊಳ್ಳತಕ್ಕದ್ದು. ಒಳಗೆ ಕಾದಾಡುವವನನ್ನು ಪಾಯಿಂಟ್ ಎನ್ನುತ್ತಾರೆ. ಅವನು ದಣಿದಾಗ ಹೊರಗಿನವನೊಡನೆ ಸ್ಥಾನ ಬದಲಿಸಬಹುದು. ಹೊರಗೆ ನಿಂತವನ ಪ್ರಾಣರೇಖೆಯಲ್ಲಿ ಕೆಂಪಾಗಿ ಉಳಿದ ಭಾಗ ಮೆಲ್ಲಮೆಲ್ಲನೆ ತುಂಬಿಕೊಳ್ಳುತ್ತದೆ. ತೆರೆಯ ಕೆಳಗಿನ ಮೀಟರ್ ಮೂವರಿಗೂ ಸೇರಿದ ಸೊತ್ತು. ಅದು ಐದು ಹಂತದವರೆಗೆ ತುಂಬುತ್ತದೆ, ಒಂದು ಹಂತವನ್ನು ವ್ಯಯಿಸಿದರೆ ಹೈಪರ್ ಕಾಂಬೊ ಎಂಬ ಮಹಾಸ್ತ್ರ ಹೊರಡುತ್ತದೆ. ಮೂವರೂ ಅಳಿದರೆ ಸೋಲು; ಗಡಿಯಾರದ ಕಾಲ ಮೊದಲೇ ಮುಗಿದರೆ ಪ್ರಾಣರೇಖೆಯಲ್ಲಿ ಮುಂದಿರುವವರಿಗೆ ಗೆಲುವು.

ಇನ್ನು ಅಸಿಸ್ಟಿನ ವಿಷಯವಾಗಿ ಕೊಂಚ ನಿಧಾನವಾಗಿಯೇ ಹೇಳಬೇಕು. ಹೊಸಬನು ಅದನ್ನು ಒಂದು ಹೆಚ್ಚಿನ ಹೊಡೆತವೆಂದು ಭಾವಿಸುತ್ತಾನೆ. ಹಾಗಲ್ಲ, ಅದು ಕಾಲವನ್ನು ಸಂಪಾದಿಸುವ ಉಪಾಯ. ಸಂಗಾತಿ ಬಂದು ಹೊಡೆಯುವಷ್ಟು ಹೊತ್ತು ಎದುರಾಳಿ ತನ್ನ ರಕ್ಷಣೆಯನ್ನು ಬಿಡುವಂತಿಲ್ಲ, ಆದರೆ ಕರೆದವನ ಪಾಯಿಂಟ್ ಮಾತ್ರ ಸ್ವತಂತ್ರ: ಅವನು ಆ ನಡುವೆ ಹತ್ತಿರಕ್ಕೆ ನುಗ್ಗಬಹುದು, ಹಾರಬಹುದು, ಎದುರಾಳಿಯ ಬೆನ್ನ ಕಡೆಗೆ ದಾಟಬಹುದು, ಏನೂ ಮಾಡದೆ ಸುಮ್ಮನೆ ನಿಂತು ಎದುರಾಳಿಯ ಭಯವನ್ನು ಓದಬಹುದು. ಆದರೆ ಈ ಲಾಭಕ್ಕೆ ತೆರಬೇಕಾದ ಬೆಲೆಯೂ ಉಂಟು. ಬಂದ ಸಂಗಾತಿ ತನ್ನ ಕೆಲಸ ಮುಗಿದೊಡನೆ ಮಾಯವಾಗುವುದಿಲ್ಲ. ಒಂದು ಭಂಗಿಯನ್ನು ತೋರಿ, ರಕ್ಷಣೆಯಿಲ್ಲದೆ ಒಂದು ಕ್ಷಣ ನಿಲ್ಲುತ್ತಾನೆ. ಆ ಕ್ಷಣದಲ್ಲಿ ಅವನನ್ನು ಹೊಡೆಯಬಹುದು; ಪಾಯಿಂಟ್ ಕೂಡ ಅದೇ ಗೆರೆಯಲ್ಲಿ ಸಿಕ್ಕಿಬಿದ್ದರೆ ಇಬ್ಬರನ್ನೂ ಒಂದೇ ಅಸ್ತ್ರದಿಂದ ಉರುಳಿಸಬಹುದು. ಆದಕಾರಣ ಪ್ರತಿಯೊಂದು ಕರೆಯೂ ಒಂದು ಪಣ. ಯಾರು ಮೊದಲು ಕರೆದರು, ಎಷ್ಟು ದೂರದಲ್ಲಿ ಕರೆದರು, ಕರೆದ ಮೇಲೆ ತಾವು ಯಾವ ಕಡೆ ಸರಿದರು, ಇವುಗಳನ್ನು ಗಮನಿಸತೊಡಗಿದ ದಿನದಿಂದ ನೋಡುವವನಿಗೆ ಈ ಆಟ ಅರ್ಥವಾಗತೊಡಗುತ್ತದೆ.

ಉದಾಹರಣೆಗೆ ಮ್ಯಾಗ್ನೀಟೋ, ಸ್ಟಾರ್ಮ್, ಪ್ಸೈಲಾಕ್ ಎಂಬ ಮೂವರ ಪ್ರಸಿದ್ಧ ತಂಡವನ್ನು ತೆಗೆದುಕೊಳ್ಳಿ. ಮ್ಯಾಗ್ನೀಟೋ ನೆಲಬಿಟ್ಟ ಕೂಡಲೇ ಗಾಳಿಯಲ್ಲಿಯೇ ಓರೆಯಾಗಿ ಕೆಳಕ್ಕೆ ಎರಗಿ, ತಗ್ಗಿ ಕುಳಿತು ತಡೆಯುವವನ ತಲೆಯ ಮೇಲೆ ಹೊಡೆಯಬಲ್ಲ. ನೆಲ ಮುಟ್ಟಿದ ಮರುಕ್ಷಣವೇ ನಿಂತು ತಡೆಯುವವನ ಕಾಲಿಗೆ ಒದೆಯಬಲ್ಲ. ಮೇಲಿನದನ್ನು ನಿಂತು ತಡೆಯಬೇಕು, ಕೆಳಗಿನದನ್ನು ಕುಳಿತು. ಎರಡನ್ನೂ ಕಂಡು ತಡೆಯುವಷ್ಟು ವ್ಯವಧಾನ ಮನುಷ್ಯನ ಕಣ್ಣಿಗಿಲ್ಲ, ಊಹಿಸಿಯೇ ತಡೆಯಬೇಕು. ಇಷ್ಟೇ ಆಗಿದ್ದರೆ ಎದುರಾಳಿ ಒಂದು ಹೊಡೆತವನ್ನು ಎದುರಿಗಿಟ್ಟು ಅವನನ್ನು ನಿಲ್ಲಿಸಿಬಿಡುತ್ತಿದ್ದ. ಆದರೆ ಪ್ಸೈಲಾಕ್ ಇದ್ದಾಳೆ. ಮ್ಯಾಗ್ನೀಟೋನನ್ನು ತಡೆಯಲೆಂದು ಕೈಯೆತ್ತಿದವನನ್ನು ಆಕೆ ಕೆಳಗಿನಿಂದ ಸುತ್ತುತ್ತ ಮೇಲೆದ್ದು ಗಾಳಿಗೆ ಎತ್ತಿಬಿಡುತ್ತಾಳೆ. ಅಲ್ಲಿಂದ ಮುಂದಿನ ಪ್ರಹಾರಗಳ ಮಾಲೆಯೆಲ್ಲ ಮ್ಯಾಗ್ನೀಟೋನದು. ಪ್ರೇಕ್ಷಕರು ಆ ಮಾಲೆಗೆ ಕೂಗಿ ಚಪ್ಪಾಳೆ ತಟ್ಟುತ್ತಾರೆ. ನಾನು ತಟ್ಟುವುದಾದರೆ ಪ್ಸೈಲಾಕಳನ್ನು ಕರೆದ ಆ ಗಳಿಗೆಗೆ ತಟ್ಟುತ್ತೇನೆ. ಏಕೆಂದರೆ ಮಾಲೆಯನ್ನು ಏಕಾಂತದಲ್ಲಿ ಅಭ್ಯಾಸ ಮಾಡಿ ಕಲಿಯಬಹುದು, ಆ ಗಳಿಗೆಯನ್ನು ಎದುರಿನ ಮನುಷ್ಯನ ಮನಸ್ಸನ್ನು ತಿಳಿದೇ ಕಲಿಯಬೇಕು.

ಇದಕ್ಕಿಂತಲೂ ಸೂಕ್ಷ್ಮವಾದುದು ಕರೆಯದಿರುವುದರಲ್ಲಿರುವ ರಸ. ಕೇಬಲ್ ಎಂಬ ಕೋವಿಧಾರಿ ಯೋಧನೊಬ್ಬನಿದ್ದಾನೆ. ನೆಲದಿಂದ ತುಸು ಮೇಲೆ ಹಾರಿ ಅವನು ಹೊರಡಿಸುವ ಕಿರಣ ಅಂಕಣದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕ್ಷಣಾರ್ಧದಲ್ಲಿ ಹಾಯುತ್ತದೆ. ನುರಿತವನ ಕೈಯಲ್ಲಿ, ನೆಲಮುಟ್ಟಿ ಮತ್ತೆ ಹಾರಿ, ಮೀಟರಿನಲ್ಲಿ ಎಷ್ಟು ಹಂತಗಳಿವೆಯೋ ಅಷ್ಟು ಸಲ, ಒಂದರ ಬೆನ್ನಿಗೊಂದು. ಕೇಬಲ್ಲನ ಕಡೆ ಮೂರು ಹಂತ ತುಂಬಿತೆಂದರೆ ಎದುರಾಳಿ ಇಷ್ಟು ಹೊತ್ತು ನಿರ್ಭಯವಾಗಿ ಕರೆಯುತ್ತಿದ್ದ ಸಂಗಾತಿಯನ್ನು ಕರೆಯಲು ಅಂಜುತ್ತಾನೆ: ಬಂದು ಭಂಗಿ ತೋರಿ ನಿಂತ ಸಂಗಾತಿಯ ಮೈಯನ್ನು ಆ ಕಿರಣ ಭೇದಿಸಿಕೊಂಡು ಹೋಗುವುದು ನಿಶ್ಚಯ. ಹೀಗೆ ಕೇಬಲ್ ಒಂದು ಗುಂಡನ್ನೂ ಹಾರಿಸದೆಯೇ, ಕೇವಲ ತುಂಬಿದ ಮೀಟರಿನ ಬಲದಿಂದ, ಎದುರಿನ ಇಬ್ಬರನ್ನು ತೆರೆಯ ಆಚೆಯೇ ಕಟ್ಟಿಹಾಕುತ್ತಾನೆ. ಆಗ ಆಟ ಇದ್ದಕ್ಕಿದ್ದಂತೆ ಮಂದಗತಿಗೆ ಇಳಿಯುತ್ತದೆ. ಅರಿಯದವರು ಬೇಸರಗೊಳ್ಳುವುದು ಇಲ್ಲಿಯೇ. ಆ ಮಂದಗತಿಯಲ್ಲಿ ನಡೆಯುತ್ತಿರುವುದು ಭಯದ ಲೆಕ್ಕಾಚಾರವೆಂದು ತಿಳಿದವನಿಗೆ ಅದಕ್ಕಿಂತ ಬಿಗಿಯಾದ ಸನ್ನಿವೇಶ ಈ ಆಟದಲ್ಲಿ ಮತ್ತೊಂದಿಲ್ಲ. ಸ್ಟಾರ್ಮ್ ಪ್ರಾಣರೇಖೆಯಲ್ಲಿ ತುಸು ಮುಂದಾದೊಡನೆ ಆಕಾಶಕ್ಕೇರಿ ಕೈಗೆ ಸಿಗದೆ ಕಾಲ ಕಳೆಯುವುದನ್ನೂ ಹೀಗೆಯೇ ನೋಡಬೇಕು: ಆಕೆ ಓಡುತ್ತಿರುವಂತೆ ತೋರುತ್ತದೆ, ನಿಜವಾಗಿ ಗಡಿಯಾರವನ್ನು ತನ್ನ ತಂಡದ ನಾಲ್ಕನೆಯವನನ್ನಾಗಿ ಮಾಡಿಕೊಂಡಿದ್ದಾಳೆ.

ಮೇಲೆ ಹೇಳಿದ ದೋಷದ ಮಾತಿಗೆ ಬರುತ್ತೇನೆ. 56 ಮಂದಿಯಲ್ಲಿ ಮ್ಯಾಗ್ನೀಟೋ, ಸ್ಟಾರ್ಮ್, ಸೆಂಟಿನಲ್, ಕೇಬಲ್ ಈ ನಾಲ್ವರು ಉಳಿದವರಿಗಿಂತ ಬಹು ದೂರ ಮುಂದಿದ್ದಾರೆ. ದೊಡ್ಡ ಸ್ಪರ್ಧೆಗಳಲ್ಲಿ ಇವರ ಮುಖಗಳೇ ಮತ್ತೆಮತ್ತೆ ಕಾಣುತ್ತವೆ. ಎದುರಾಳಿ ಸಾಯುವವರೆಗೂ ಬಿಡುಗಡೆಯಿಲ್ಲದಂತೆ ಸಾಗುವ ಪ್ರಹಾರಚಕ್ರಗಳೂ ಇಲ್ಲಿವೆ. ಇದೊಂದು ಕೆಟ್ಟ ತೂಕದ ಕೃತಿಯೆಂದು ದೂರುವವರ ಮಾತಿನಲ್ಲಿ ಸತ್ಯವಿದೆ, ಆದರೆ ಆ ಸತ್ಯ ಅರ್ಧದಲ್ಲಿಯೇ ನಿಂತುಬಿಟ್ಟಿದೆ ಎಂದು ನನಗೆ ತೋರುತ್ತದೆ. ಈ ನಾಲ್ವರು ಪರಸ್ಪರ ಎಷ್ಟು ಭಯಂಕರರೆಂದರೆ, ಒಬ್ಬನ ಅತಿಶಯವನ್ನು ಮತ್ತೊಬ್ಬನ ಅತಿಶಯವೇ ಹಿಡಿದು ನಿಲ್ಲಿಸುತ್ತದೆ. ಮತ್ತು ಪಾಯಿಂಟಿನಲ್ಲಿ ನಿಂತು ಗೆಲ್ಲಲಾರದ ಅನೇಕರಿಗೆ ಅಸಿಸ್ಟಿನ ಮೂಲಕ ಎರಡನೆಯ ಜೀವಿತ ದೊರೆತಿದೆ. 1991ರಲ್ಲಿ ತನ್ನದೇ ಹೆಸರಿನ ಗೇಮಿಗೆ ನಾಯಕನಾಗಿದ್ದ ಕ್ಯಾಪ್ಟನ್ ಕಮಾಂಡೋ ಇಲ್ಲಿ ಒಂದು ವಿದ್ಯುತ್‌ಸ್ತಂಭವನ್ನು ನೆಟ್ಟು ಹಿಂದಿರುಗುವ ಸೇವಕ. ಆದರೂ ಸ್ಟಾರ್ಮ್ ಮತ್ತು ಸೆಂಟಿನಲ್ಲರ ಬೆನ್ನಿಗೆ ಆ ಸ್ತಂಭವಿಲ್ಲದಿದ್ದರೆ ಅವರ ಆಳ್ವಿಕೆ ಸಡಿಲವಾಗುತ್ತದೆ. ಡಾಕ್ಟರ್ ಡೂಮ್ ಎಂಬ ಪ್ರತಾಪಶಾಲಿ ಖಳನು ಬಂಡೆಚೂರುಗಳನ್ನು ಎಸೆದು ಹೋಗುತ್ತಾನೆ, ಅಷ್ಟೇ. ಆದರೆ ಆ ಬಂಡೆಗಳ ಮರೆಯಲ್ಲಿ ಸ್ಟ್ರೈಡರ್ ಹಿರ್ಯು ತನ್ನ ಸುತ್ತ ಗುಂಡುಸೂಸುವ ಉಪಗ್ರಹಗಳನ್ನು ತಿರುಗಿಸುತ್ತ ಮುನ್ನುಗ್ಗಿದಾಗ, ನಾಲ್ವರು ಅಧಿಪತಿಗಳೂ ಮೂಲೆಗೆ ಸರಿದು ತಡೆಯುತ್ತ ನಿಲ್ಲಬೇಕಾಗುತ್ತದೆ. ಸ್ಟ್ರೈಡರನು ದುರ್ಬಲದೇಹಿ, ಬಹಳ ಪೆಟ್ಟು ತಾಳಲಾರ. ಆತನನ್ನು ನೆಚ್ಚಿ ವರ್ಷಗಟ್ಟಲೆ ಸಾಧನೆ ಮಾಡಿದವರ ಆಟವನ್ನು ನೋಡುವಾಗ ನನಗೆ ಉಂಟಾಗುವ ಆನಂದ ಬೇರೆ ತಂಡಗಳಿಂದ ಉಂಟಾಗುವುದಿಲ್ಲ.

ಇನ್ನೆರಡು ಸಂಧಿಗಳನ್ನು ಹೊಸ ರಸಿಕನು ಗುರುತಿಸಲು ಕಲಿಯಬೇಕು. ಒಂದು, ಒಬ್ಬನ ಮಹಾಸ್ತ್ರ ಮುಗಿಯುವ ಮುನ್ನವೇ ಮುಂದಿನ ಸಂಗಾತಿ ತನ್ನ ಮಹಾಸ್ತ್ರದೊಡನೆ ಒಳಬಂದು ಅವನ ಸ್ಥಾನವನ್ನು ಹಿಡಿಯುವ ತಂತ್ರ. ಇದು ಪ್ರಹಾರವೂ ಹೌದು, ಅಪಾಯಕ್ಕೆ ಸಿಕ್ಕಿದವನನ್ನು ಕ್ಷೇಮವಾಗಿ ಹೊರತರುವ ಬಾಗಿಲೂ ಹೌದು. ಸ್ಟಾರ್ಮಳ ಮಿಂಚಿನಿಂದ ಸೆಂಟಿನಲ್ಲನ ಯಂತ್ರಸೇನೆಗೆ ಆಟ ಹೊರಳುವುದನ್ನು ಕಂಡಾಗ ಆಟಗಾರನು ಅದನ್ನು ಯಾವ ಕಾರಣಕ್ಕೆ ಮಾಡಿದನೆಂದು ಕೇಳಿಕೊಳ್ಳಿ. ಇನ್ನೊಂದು, ಪಾಯಿಂಟ್ ಅಳಿದ ಮೇಲೆ ಮುಂದಿನವನು ಮೇಲಿನಿಂದ ಹಾರಿ ಒಳಬರುವ ಗಳಿಗೆ. ಅವನು ಎಲ್ಲಿ ಇಳಿಯುವನೆಂದು ಎದುರಾಳಿಗೆ ಮೊದಲೇ ಗೊತ್ತು. ಎಡದಿಂದ ಹೊಡೆಯಬಹುದು, ಬಲದಿಂದ ಹೊಡೆಯಬಹುದು. ಒಬ್ಬನ ಮರಣ ಮತ್ತೊಬ್ಬನ ಮರಣಕ್ಕೆ ದಾರಿ ಮಾಡುವುದು ಹೀಗೆ. ಸಾಯುವವರೆಗೂ ಕಾಯದೆ, ಒಂದು ಹಂತದ ಮೀಟರನ್ನು ವ್ಯಯಿಸಿ ಎದುರಿನ ಪಾಯಿಂಟನ್ನು ಹೊರಕ್ಕೆ ಅಟ್ಟಿ, ತನಗೆ ಕಂಟಕವಾದ ಸಂಗಾತಿಯನ್ನೇ ಬಲವಂತವಾಗಿ ಒಳಗೆಳೆಯುವ ಸ್ನ್ಯಾಪ್‌ಬ್ಯಾಕ್ ಎಂಬ ಉಪಾಯವೂ ಉಂಟು. ಹೊರಗೆ ನಿಂತವರ ಬೆಲೆ ಎಷ್ಟೆಂಬುದನ್ನು ಆಟದ ನಿರ್ಮಾತೃಗಳು ತಾವೇ ಬಲ್ಲವರಾಗಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಸಂಗೀತದ ವಿಷಯ ಒಂದು ಮಾತು. ಕಾಳಗಕ್ಕೆ ರಣವಾದ್ಯವನ್ನು ನಿರೀಕ್ಷಿಸುವವನಿಗೆ ಇಲ್ಲಿ ಕೇಳುವುದು ಜಾಝ್ ಶೈಲಿಯ ಹಗುರವಾದ ಗಾನ. ಅದನ್ನು ಅಸಂಬದ್ಧವೆಂದು ಅನೇಕರು ಜರೆದರು. ನನಗಾದರೋ ಆ ಉಲ್ಲಾಸ ಈ ಆಟದ ಉದಾರ ಸ್ವಭಾವಕ್ಕೆ ಉಚಿತವೆಂದೇ ತೋರುತ್ತದೆ.

ಆಟವನ್ನು ಎಲ್ಲಿ ನೋಡಬೇಕೆಂಬುದು ಮುಂದಿನ ಪ್ರಶ್ನೆ. 1996ರಲ್ಲಿ ಕ್ಯಾಲಿಫೋರ್ನಿಯದ ಸನಿವೇಲ್‌ನ ಒಂದು ಆರ್ಕೇಡಿನಲ್ಲಿ ಆರಂಭವಾಗಿ, 2002ರಿಂದ ಇವೋ ಎಂಬ ಹೆಸರಿನಲ್ಲಿ ಬೆಳೆದ ಸ್ಪರ್ಧೆಯಲ್ಲಿ 2010ರವರೆಗೂ ಈ ಗೇಮಿಗೆ ಮುಖ್ಯ ಸ್ಥಾನವಿತ್ತು. ಅಲ್ಲಿ ಅನೇಕ ಬಾರಿ ಗೆದ್ದ ನ್ಯೂಯಾರ್ಕಿನ ಜಸ್ಟಿನ್ ವಾಂಗ್ ಅವರ ಕಾಳಗಗಳ ಚಿತ್ರಣಗಳು ಇಂದಿಗೂ ಅಂತರ್ಜಾಲದಲ್ಲಿ ಸಿಗುತ್ತವೆ. ಸ್ಟಾರ್ಮ್, ಸೆಂಟಿನಲ್, ಸೈಕ್ಲಾಪ್ಸ್ ಇವರ ತಂಡ. ಆಟದ ಸ್ವರೂಪ ತಾಳ್ಮೆ. ಎದುರಾಳಿ ತಾನಾಗಿ ಒಂದು ಕರೆಯನ್ನು ಹೊತ್ತುಮೀರಿ ಕರೆಯುವವರೆಗೆ ವಾಂಗ್ ಕಾಯಬಲ್ಲರು, ಕಾದು ಅದಕ್ಕೆ ತಕ್ಕ ದಂಡವನ್ನು ವಿಧಿಸಬಲ್ಲರು. 2007ರಲ್ಲಿ ಅದೇ ಸ್ಪರ್ಧೆಯನ್ನು ಗೆದ್ದ, ಯೈಪ್ಸ್ ಎಂದು ಪ್ರಸಿದ್ಧರಾದ ಮೈಕೆಲ್ ಮೆಂಡೋಜಾ ಅವರ ರೀತಿ ಇದಕ್ಕೆ ವಿರುದ್ಧ. ಮೇಲೆ ವಿವರಿಸಿದ ಮ್ಯಾಗ್ನೀಟೋ, ಸ್ಟಾರ್ಮ್, ಪ್ಸೈಲಾಕ್ ತಂಡವೇ ಅವರದು, ಆಟವೆಲ್ಲ ಎಡೆಬಿಡದ ಪ್ರವಾಹ. ಇಬ್ಬರನ್ನೂ ನೋಡಬೇಕು. ನೋಡುವಾಗ ಮೊದಲ ಸಲ ಒಬ್ಬನೇ ಆಟಗಾರನ ಸಂಗಾತಿಗಳ ಮೇಲೆ ಮಾತ್ರ ಕಣ್ಣಿಡಿ. ಎರಡನೆಯ ಸಲ ಮೀಟರಿನ ಮೇಲೆ. ಮೂರನೆಯ ಸಲ ತಡೆಯುತ್ತಿರುವವನ ಮೇಲೆ. ಹೊಡೆಯುವವನನ್ನು ನೋಡಲು ಯಾರೂ ಹೇಳಿಕೊಡಬೇಕಾಗಿಲ್ಲ.

ಆಡಲು ಬಯಸುವವರಿಗೆ ಬಹುಕಾಲ ಸುಲಭವಾದ ದಾರಿ ಇರಲಿಲ್ಲ. 2009ರಲ್ಲಿ ಮನೆಯ ಯಂತ್ರಗಳಿಗೆ ಬಂದ ಆವೃತ್ತಿಯ ಮಾರಾಟ 2013ರಲ್ಲಿ ನಿಂತುಹೋಗಿ, 2024ರಲ್ಲಿ ಕ್ಯಾಪ್ಕಾಮ್ ತನ್ನ ಹಳೆಯ ಮಾರ್ವೆಲ್ ಆರ್ಕೇಡ್ ಗೇಮುಗಳನ್ನು ಒಂದು ಸಂಕಲನವಾಗಿ ಹೊರತಂದ ಮೇಲೆ ಇದು ಮತ್ತೆ ಸುಲಭವಾಗಿ ದೊರೆಯುತ್ತಿದೆ. ಅದರಲ್ಲಿ ಅಭ್ಯಾಸಕ್ಕೆಂದೇ ಒಂದು ವಿಭಾಗವೂ ಇದೆ. ಅಲ್ಲಿಗೆ ಹೋದವರು ದೀರ್ಘವಾದ ಪ್ರಹಾರಮಾಲೆಗಳನ್ನು ಕಲಿಯುವ ಆತುರವನ್ನು ಮೊದಲ ದಿನವೇ ಇಟ್ಟುಕೊಳ್ಳಬಾರದು. ಸೆಂಟಿನಲ್ಲನನ್ನು ಸಂಗಾತಿಯಾಗಿ ಇಟ್ಟುಕೊಂಡು, ಅವನು ಕಳುಹಿಸುವ ಪುಟ್ಟ ಯಂತ್ರಗಳು ಮುಂದೆ ಸಾಗುವಾಗ, ನಿಮಗೆ ಮೆಚ್ಚಾದ ಯಾವ ಪಾತ್ರವನ್ನಾದರೂ ಅವುಗಳ ಹಿಂದೆಯೇ ನಡೆಸಿಕೊಂಡು ಹೋಗಿ. ಎದುರಾಳಿ ಅವುಗಳನ್ನು ತಡೆಯುತ್ತಿರುವಾಗ ನೀವು ಎಷ್ಟು ಹತ್ತಿರ ಸೇರಬಹುದು, ಸೇರಿದ ಮೇಲೆ ಒಂದು ಹೊಡೆತಕ್ಕೆ ಎಷ್ಟು ಹೊತ್ತು ಉಳಿದಿದೆ ಎಂಬುದನ್ನು ಬೆರಳಿಗೆ ಅಭ್ಯಾಸ ಮಾಡಿಸಿ. ಆಮೇಲೆ ಸಂಗಾತಿಯನ್ನು ಬದಲಿಸಿ ಅದನ್ನೇ ಮತ್ತೆ ಮಾಡಿ.