ಲೆಕ್ಕ ಕೂಡಿಸುವ ಪವಾಡ

ಹಿರಿಯೂರು ತಾಲ್ಲೂಕಿನ ಹರಿಯಬ್ಬೆ, ಧರ್ಮಪುರದ ಸೀಮೆಯಿಂದ ಹಿಡಿದು ಆಚೆ ಶಿರಾದವರೆಗೆ ‘ಕುರುಕ್ಷೇತ್ರ’ ನಾಟಕಕ್ಕಿರುವ ಮೋಹ ಇಂದಿಗೂ ತಗ್ಗಿಲ್ಲ. ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡಿ, ತಿಂಗಳುಗಟ್ಟಲೆ ತಾಲೀಮು ನಡೆಸಿ, ರಾತ್ರಿಯಿಡೀ ಆಡುತ್ತಾರೆ. ಜನ ಕೃಷ್ಣನಿಗೆ ಕೈ ಮುಗಿಯುತ್ತಾರೆ. ಶಿಳ್ಳೆ, ಚಪ್ಪಾಳೆ ಮಾತ್ರ ದುರ್ಯೋಧನನ ಪಾಲು. ಗದಾಯುದ್ಧದ ನಿಯಮ ಮೀರಿ ಭೀಮ ತೊಡೆಗೆ ಹೊಡೆದದ್ದು ಸರಿಯೋ ತಪ್ಪೋ ಎಂದು ಅವರಲ್ಲಿ ಯಾರೂ ತೀರ್ಪು ಕೊಡುವ ಗೋಜಿಗೆ ಹೋಗುವುದಿಲ್ಲ. ಭಕ್ತಿ ಒಬ್ಬನಿಗೆ, ಮರುಕ ಇನ್ನೊಬ್ಬನಿಗೆ ಎಂದು ಹಂಚಿಬಿಟ್ಟು ಮನೆಗೆ ಹೋಗುತ್ತಾರೆ.

ಕನ್ನಡ ಕಾವ್ಯ ಈ ಹಂಚಿಕೆಯನ್ನು ಸಾವಿರ ವರ್ಷದಿಂದ ಮಾಡುತ್ತ ಬಂದಿದೆ. 941ರ ಪಂಪ ಕರ್ಣನನ್ನು, ಅದೇ ಶತಮಾನದ ರನ್ನ ದುರ್ಯೋಧನನನ್ನು ಎತ್ತಿಹಿಡಿದರು. ಇಬ್ಬರೂ ಜೈನರು, ಕೃಷ್ಣನ ಪರವಾಗಿ ವಕಾಲತ್ತು ವಹಿಸುವ ಹಂಗು ಅವರಿಗಿರಲಿಲ್ಲ. ಗದುಗಿನ ಕುಮಾರವ್ಯಾಸನಿಗೆ ಆ ಹಂಗು ಇತ್ತು. ಕರ್ಣನಿಗೆ ಅವನ ಹುಟ್ಟಿನ ಗುಟ್ಟನ್ನು ಹೇಳಿ ಯುದ್ಧಕ್ಕೆ ಮೊದಲೇ ಅವನ ಎದೆ ಒಡೆಯುವ ಕೃಷ್ಣನನ್ನು ಅವನು ಮುಚ್ಚುಮರೆಯಿಲ್ಲದೆ ಚಿತ್ರಿಸುತ್ತಾನೆ, ಹಾಗಿದ್ದೂ ಕೃಷ್ಣಭಕ್ತನಾಗಿಯೇ ಉಳಿಯುತ್ತಾನೆ. ಮಧ್ವಾಚಾರ್ಯರ ದಾರಿ ಇನ್ನೂ ನೇರ: ಭೀಮ ವಾಯುವಿನ ಅವತಾರ, ಹರಿಯ ಇಚ್ಛೆಯನ್ನು ಅನುಮಾನಿಸದೆ ನಡೆಸಿದವನು, ಆದ್ದರಿಂದ ಪಾಂಡವರಲ್ಲಿ ಅವನೇ ಹಿರಿಯ. ಮಾಡಿಸಿದವನು ದೇವರು ಎಂದ ಮೇಲೆ ಚರ್ಚೆಗೆ ಜಾಗವೆಲ್ಲಿ? ಅದಕ್ಕೇ ನನಗೆ ಶರಣರ ಕಥೆಗಳು ಹೆಚ್ಚು ಕಷ್ಟದವು ಅನ್ನಿಸುತ್ತವೆ. ಅಲ್ಲಿ ಕೈ ಮಾಡುವವರು ಮನುಷ್ಯರು.

ಚಿತ್ರದುರ್ಗದ ನಾಯಕರು ತಮ್ಮವನೆಂದು ಹೆಮ್ಮೆಪಡುವ ಬೇಡರ ಕಣ್ಣಪ್ಪನಿಂದಲೇ ಶುರುಮಾಡೋಣ. ಹರಿಹರನ ರಗಳೆಯಿಂದ ರಾಜ್‌ಕುಮಾರರ 1954ರ ಸಿನಿಮಾದವರೆಗೆ ಇವನ ಕಥೆ ಕೇಳದ ಕನ್ನಡಿಗರು ಕಡಿಮೆ. ಮಾಂಸದ ಎಡೆ ಇಟ್ಟ, ಬಾಯಿಂದ ನೀರು ಉಗುಳಿ ಅಭಿಷೇಕ ಮಾಡಿದ, ಕಣ್ಣು ಕೀಳುವಾಗ ಗುರುತಿಗೆಂದು ಲಿಂಗದ ಮೇಲೆ ಕಾಲಿಟ್ಟ. ಆಚಾರವಂತನ ಕಣ್ಣಿಗೆ ಇದರಷ್ಟು ಕೆಟ್ಟ ದಾರಿ ಇನ್ನೊಂದಿಲ್ಲ. ಆದರೆ ಆ ದಾರಿಗೆ ಕಣ್ಣಪ್ಪ ತೆತ್ತದ್ದು ತನ್ನದೇ ಕಣ್ಣುಗಳನ್ನು. ಈಗ ಪಕ್ಕದಲ್ಲಿ ಸಿರಿಯಾಳನನ್ನು ನಿಲ್ಲಿಸಿ. ಜಂಗಮ ವೇಷದ ಶಿವ ಕೇಳಿದನೆಂದು ಸಿರಿಯಾಳ, ಚೆಂಗಳೆ ಮಗನನ್ನೇ ಕೊಂದು ಅಡುಗೆ ಮಾಡಿದರು. ಇಲ್ಲಿ ಬೆಲೆ ತೆತ್ತದ್ದು ಮಗು, ಕೀರ್ತಿ ಬಂದದ್ದು ತಂದೆತಾಯಿಗೆ. ಪುರಾಣಕಾರರು ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರು. ಮಡಿ ಮುರಿಯುವುದಕ್ಕೂ ಇನ್ನೊಬ್ಬರ ಪ್ರಾಣ ತೆಗೆಯುವುದಕ್ಕೂ ಇರುವ ಅಂತರವನ್ನು ಭಕ್ತಿಯ ಉತ್ಸಾಹದಲ್ಲಿ ಅಳಿಸಿದ್ದೇ ಈ ಪರಂಪರೆಯ ದೊಡ್ಡ ದೋಷವೆಂದು ನನ್ನ ಎಣಿಕೆ.

ಆ ಅಂತರ ನಮಗೆ ಕಾಣದಂತೆ ಮಾಡುವುದು ಪವಾಡ. ಸಿರಿಯಾಳನ ಮಗ ಎದ್ದು ಬರುತ್ತಾನೆ, ಕಣ್ಣಪ್ಪನ ಕಣ್ಣು ಮರಳುತ್ತದೆ. ಕಳೆದುಕೊಂಡವರೇ ಇಲ್ಲವೆಂದಾದ ಮೇಲೆ ದೂರುವುದು ಯಾರನ್ನು? ಕಥೆ ಮುಗಿಯುವ ಹೊತ್ತಿಗೆ ಶಿವನೇ ಶಾನುಭೋಗನಂತೆ ಕೂತು ಲೆಕ್ಕ ಸರಿದೂಗಿಸಿಬಿಡುತ್ತಾನೆ.

ಆದರೆ ಕೆಲವು ಲೆಕ್ಕ ಸರಿದೂಗಿಲ್ಲ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಸುಮಾರು 1200ರ ಶಾಸನವೊಂದಿದೆ. ಏಕಾಂತದ ರಾಮಯ್ಯ ಜೈನರೊಂದಿಗೆ ಪಂಥ ಕಟ್ಟಿ ತನ್ನ ತಲೆಯನ್ನು ಅರಿದು ಶಿವನಿಗೊಪ್ಪಿಸಿದ, ಏಳು ದಿನದ ಮೇಲೆ ಅದನ್ನು ಮರಳಿ ಪಡೆದ, ಮಾತಿಗೆ ತಪ್ಪಿದ ಜೈನರ ಜಿನಬಿಂಬವನ್ನು ಒಡೆದ ಎಂದು ಅದು ಹೇಳುತ್ತದೆ. ಜೈನರು ಕಲ್ಯಾಣದ ರಾಜ ಬಿಜ್ಜಳನಲ್ಲಿಗೆ ದೂರು ಒಯ್ದರು, ಬಿಜ್ಜಳ ಕೊನೆಗೆ ರಾಮಯ್ಯನಿಗೇ ಜಯಪತ್ರ ಕೊಟ್ಟ ಎಂದೂ ಅಲ್ಲೇ ಇದೆ. ತಲೆ ಮರಳಿ ಬಂತು, ಜಿನ ಮರಳಲಿಲ್ಲ. ಗೆದ್ದವರು ಕೆತ್ತಿಸಿದ ಕಲ್ಲಿನಲ್ಲೂ ಸೋತವರ ದೂರು ಉಳಿದುಬಂದಿದೆಯಲ್ಲ, ಅಷ್ಟರಮಟ್ಟಿಗೆ ಪುರಾಣಕ್ಕಿಂತ ಶಾಸನ ಪ್ರಾಮಾಣಿಕ.

ಇದಕ್ಕಿಂತ ತೊಡಕಿನದು ಬಿಜ್ಜಳನ ಕೊಲೆ. ಶರಣರಾದ ಹರಳಯ್ಯ, ಮಧುವಯ್ಯರಿಗೆ ಬಿಜ್ಜಳ ಕೊಟ್ಟ ಕ್ರೂರ ಶಿಕ್ಷೆಗೆ ಪ್ರತಿಯಾಗಿ ಜಗದೇವ ಮತ್ತು ಮಲ್ಲಯ್ಯ, ಬೊಮ್ಮಯ್ಯ ರಾಜನನ್ನು ಕೊಂದದ್ದನ್ನು ಭೀಮಕವಿಯ 1369ರ ಬಸವಪುರಾಣ ಭಕ್ತಿಯ ಸಾಹಸವೆಂದೇ ಹಾಡುತ್ತದೆ. ನಮ್ಮ ಕಾಲದ ನಾಟಕಕಾರರು ಹಾಗೆ ಬಿಡಲಿಲ್ಲ. ಲಂಕೇಶರ ‘ಸಂಕ್ರಾಂತಿ’, ಶಿವಪ್ರಕಾಶರ ‘ಮಹಾಚೈತ್ರ’, ಕಾರ್ನಾಡರ ‘ತಲೆದಂಡ’ ಮೂರೂ ಇದೇ ಗಾಯಕ್ಕೆ ಕೈ ಹಾಕಿದವು: ದಯೆಯ ಮೇಲೆ ಕಟ್ಟಿದ ಚಳವಳಿ ಕತ್ತಿ ಹಿಡಿದಾಗ ಏನಾಗುತ್ತದೆ? ‘ಮಹಾಚೈತ್ರ’ ಪಠ್ಯವಾದಾಗ ಎದ್ದ ಗಲಾಟೆ, ಆ ಪ್ರಶ್ನೆ ಇನ್ನೂ ಎಷ್ಟು ಹಸಿಯಾಗಿದೆಯೆಂದು ತೋರಿಸಿತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ ಶಿವಸಂಚಾರ ತಂಡ 1997ರಿಂದ ಊರೂರಿಗೆ ನಾಟಕ ಒಯ್ಯುತ್ತಿದೆ; ಮಠವೇ ರಂಗಭೂಮಿಯನ್ನು ಸಾಕುತ್ತಿರುವ ಈ ಸೀಮೆಯಲ್ಲಿ ಇಂಥ ಪ್ರಶ್ನೆ ವಿದ್ವಾಂಸರ ಸೊತ್ತಾಗಿ ಉಳಿಯಬೇಕಿಲ್ಲ.

ಕತ್ತಿಯ ಮಾತು ಇಷ್ಟಕ್ಕೆ ಸಾಕು. ಗುರಿಯಷ್ಟೇ ದಾರಿಯೂ ನಿರ್ಮಲವಾಗಿರಬೇಕೆಂಬ ಸಾಧನ ಶುದ್ಧಿಯ ನಿಜವಾದ ಪರೀಕ್ಷೆ ನಡೆದದ್ದು ಹಣದಲ್ಲಿ, ಅಕ್ಕಿಯಲ್ಲಿ.

ಬಸವಣ್ಣ ಬಿಜ್ಜಳನ ಭಂಡಾರಿ. ರಾಜನ ಬೊಕ್ಕಸವನ್ನು ಜಂಗಮರಿಗೆ ಸುರಿಯುತ್ತಿದ್ದಾನೆ ಎಂದು ಕೊಂಡೆಯರು ದೂರಿದರು. ಬಿಜ್ಜಳ ಎಣಿಸಿ ನೋಡಿದರೆ ಹಣ ಸರಿಯಾಗಿಯೇ ಇದೆ. ಪುರಾಣಕ್ಕೆ ಇದು ಬಸವಣ್ಣನ ಗೆಲುವು. ನನಗೆ ಮಾತ್ರ ಇದು ಪುರಾಣಕಾರರು ಬಸವಣ್ಣನಿಗೆ ಮಾಡಿದ ಅನ್ಯಾಯವಾಗಿ ಕಾಣುತ್ತದೆ. ಹಣವನ್ನು ಮುಟ್ಟಲೇ ಇಲ್ಲ ಎಂದಿದ್ದರೆ ಮಾತು ಮುಗಿಯುತ್ತಿತ್ತು. ಕೊಟ್ಟದ್ದೂ ನಿಜ, ಕಡಿಮೆಯಾಗದ್ದೂ ನಿಜ ಎನ್ನುವ ಪವಾಡ, ಒಳ್ಳೆಯ ಕೆಲಸಕ್ಕಾದರೆ ಪರರ ಹಣಕ್ಕೆ ಕೈ ಹಾಕಬಹುದು ಎಂಬ ಸಲಿಗೆಯನ್ನು ಸದ್ದಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತದೆ. ಪರಧನವನ್ನು ಬಯಸೆನೆಂದು ಮತ್ತೆ ಮತ್ತೆ ಆಣೆಯಿಟ್ಟ ವಚನಕಾರನಿಗೆ ಇಂಥ ರಕ್ಷಣೆ ಬೇಕಿರಲಿಲ್ಲ.

ಇದಕ್ಕೆ ಉತ್ತರ ಕೊಟ್ಟವಳು ಆಯ್ದಕ್ಕಿ ಲಕ್ಕಮ್ಮ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಬಡ ದಂಪತಿ ಮಾರಯ್ಯ, ಲಕ್ಕಮ್ಮ. ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ತಂದ. ಕದ್ದದ್ದಲ್ಲ, ಬೇಡಿದ್ದಲ್ಲ, ಜಂಗಮರ ಊಟಕ್ಕೇ ಹೋಗುವ ಅಕ್ಕಿ. ಇಷ್ಟಾಗಿಯೂ ಲಕ್ಕಮ್ಮ ಒಪ್ಪಲಿಲ್ಲ: ಈ ಆಸೆ ಎಲ್ಲಿಂದ ಬಂತು, ನಮಗೆ ಎಂದಿನಷ್ಟೇ ಸಾಕು, ಉಳಿದದ್ದನ್ನು ಅಲ್ಲೇ ಸುರಿದು ಬಾ ಎಂದು ಗಂಡನನ್ನು ತಿರುಗಿಸಿ ಕಳಿಸಿದಳು. ಗುರಿ ನಿರ್ಮಲ, ದಾರಿಯಲ್ಲಿ ಕಾನೂನು ಹುಡುಕಿದರೂ ಸಿಗದಷ್ಟು ಸಣ್ಣ ಕಲೆ, ಅದನ್ನೂ ಅವಳು ಸಹಿಸಲಿಲ್ಲ. ಧರ್ಮರಾಯನ ‘ಅಶ್ವತ್ಥಾಮ’ದ ಅರೆಸುಳ್ಳನ್ನು ಲಕ್ಕಮ್ಮನ ಮುಂದಿಟ್ಟಿದ್ದರೆ ಅವಳು ಏನೆನ್ನುತ್ತಿದ್ದಳೆಂದು ಊಹಿಸಲು ಹೆಚ್ಚು ಹೊತ್ತು ಬೇಡ.

ಇದೂ ಕಥೆಯೇ ತಾನೇ ಎನ್ನಬಹುದು. ಹೌದು. ಇದನ್ನು ವಿಸ್ತಾರವಾಗಿ ಕಟ್ಟಿಕೊಟ್ಟ ಶೂನ್ಯಸಂಪಾದನೆಗಳು ಕಲ್ಯಾಣದ ದಿನಗಳಿಗಿಂತ ಶತಮಾನಗಳ ಈಚಿನವು, ವಿರಕ್ತರು ಸಂಕಲಿಸಿದವು. ಆದರೆ ಲಕ್ಕಮ್ಮನ ಹೆಸರಿನ ವಚನಗಳಲ್ಲೇ ಈ ಕಟ್ಟುನಿಟ್ಟು ಇದೆ. ಕನ್ನಡದ ಭಕ್ತಿ ಪರಂಪರೆ ‘ಗುರಿ ಒಳ್ಳೆಯದಾದರೆ ಸಾಕು’ ಎಂದು ಹೇಳುತ್ತದೆಂದು ಯಾರಾದರೂ ಸಾರಾಸಗಟಾಗಿ ಬರೆದರೆ ಅವರು ಪುರಾಣ ಓದಿದ್ದಾರೆ, ವಚನ ಓದಿಲ್ಲ. ಇಂದು ದಾಸೋಹಕ್ಕೆ ಬರುವ ಕಾಣಿಕೆಯ ಮೂಲವನ್ನು ಎಷ್ಟು ಮಠಗಳು, ಎಷ್ಟು ದೇವಸ್ಥಾನಗಳು ವಿಚಾರಿಸುತ್ತವೆ? ಆಯ್ದಕ್ಕಿಯ ಕಥೆಯನ್ನು ಪ್ರವಚನದಲ್ಲಿ ಹೇಳುವುದು ಸುಲಭ. ಹುಂಡಿಯ ಪಕ್ಕದಲ್ಲಿ ನಿಂತು ಹೇಳುವುದು ಕಷ್ಟ.

ಲಕ್ಕಮ್ಮನ ಕಥೆಯಲ್ಲೂ ಪವಾಡವೊಂದಿದೆ. ಅಕ್ಕಿಯನ್ನು ಹಿಂದಿರುಗಿಸಿದ ಮೇಲೆ ಅವಳು ಬಸವಣ್ಣನನ್ನೂ ಕಲ್ಯಾಣದ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರನ್ನೂ ಕರೆಸಿ, ಎಂದಿನ ಹಿಡಿ ಅಕ್ಕಿಯಲ್ಲೇ ಎಲ್ಲರಿಗೂ ಬಡಿಸುತ್ತಾಳೆ. ಭಂಡಾರದ ಪವಾಡ ತಪ್ಪಿನ ಬೆನ್ನಿಗೆ ಬಂದು ಅದನ್ನು ಮುಚ್ಚುತ್ತದೆ. ಈ ಪವಾಡ ಹೆಚ್ಚಿನ ಅಕ್ಕಿ ಅಂಗಳಕ್ಕೆ ಮರಳುವವರೆಗೆ ಕಾಯುತ್ತದೆ.