ತಲೆದಿಂಬಿನಡಿಯ ಹಿಟ್ಟಿನ ಕೋಳಿ

ಜನ್ನನ ‘ಯಶೋಧರ ಚರಿತೆ’ಯನ್ನು (1209) ನಾವು ಪ್ರಾಣಿಬಲಿಯ ನಿಷೇಧವೆಂದಷ್ಟೇ ಓದುತ್ತ ಬಂದಿದ್ದೇವೆ. ಅದು ಅಪೂರ್ಣವಾದ ಓದು. ಯಶೋಧರನು ಕಡಿದುದು ಹಿಟ್ಟಿನ ಕೋಳಿಯನ್ನು. ಆದರೂ ತಾಯಿ-ಮಗ ಇಬ್ಬರೂ ಹಲವು ಜನ್ಮ ಪಶುಪಕ್ಷಿಗಳಾಗಿ ಬಳಲಿದರು. ಕವಿಯ ದೃಷ್ಟಿ ಇರುವುದು ಕತ್ತಿಯ ಮೇಲಲ್ಲ, ಸಂಕಲ್ಪದ ಮೇಲೆ.

2023ರ ಜುಲೈಯಲ್ಲಿ ಚಿಕ್ಕೋಡಿ ತಾಲೂಕಿನ ಹಿರೇಕೋಡಿಯಲ್ಲಿ ಆಚಾರ್ಯ ಕಾಮಕುಮಾರ ನಂದಿ ಮಹಾರಾಜರ ಹತ್ಯೆಯಾದುದು ಸಮಾಜವನ್ನೇ ನಡುಗಿಸಿತು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಒಂಟಿ ತೋಟದ ಮನೆಯ ಶ್ರಾವಕನು ‘ಕೈಗೆಟಕುವ ಬೆಲೆಯ, ನಂಬಿಕೆಯ ಪಿಸ್ತೂಲು ಯಾವುದು?’ ಎಂದು ಕೇಳಿದರೆ ಅಚ್ಚರಿಯಿಲ್ಲ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆಯು ಮಹಿಳೆಯರಿಗೆಂದು ತಂದ ರಿವಾಲ್ವರಿನ ಬೆಲೆ 1,20,000 ರೂಪಾಯಿಗಳನ್ನು ಮೀರಿತ್ತು. ಅದರ ಹೆಸರು ‘ನಿರ್ಭೀಕ್’. ಅಭಯವು ಹಣಕ್ಕೆ ದೊರೆಯುವ ವಸ್ತುವೇ?

ಗೃಹಸ್ಥನಿಗೆ ವಿರೋಧಿ ಹಿಂಸೆ ಅನಿವಾರ್ಯವೆಂಬ ವಾದವುಂಟು. ನಿಜ, ಮೇಲೆ ಬಿದ್ದವನನ್ನು ತಡೆಯುವುದು ಗೃಹಸ್ಥಧರ್ಮಕ್ಕೆ ಹೊರತಲ್ಲ. ಆದರೆ ಗುಂಡು ತುಂಬಿದ ಆಯುಧವನ್ನು ತಲೆದಿಂಬಿನಡಿ ಇಟ್ಟು ಮಲಗುವವನು ಇನ್ನೂ ಬಾರದ ಶತ್ರುವನ್ನು ಪ್ರತಿರಾತ್ರಿಯೂ ಮನದಲ್ಲಿ ಕೊಲ್ಲುತ್ತಾನೆ. ಇದೇ ಹಿಟ್ಟಿನ ಕೋಳಿ. ಕತ್ತಲಲ್ಲಿ ನೀರು ಕುಡಿಯಲೆದ್ದ ಮಗನೂ ಅವನ ಕಣ್ಣಿಗೆ ಕಳ್ಳನಾಗಿ ಕಂಡಾನು.

ಬಸದಿಗಳ ಟ್ರಸ್ಟಿಗಳಿಗೂ ಒಂದು ಮಾತು. ಆಯುಧಗಳನ್ನು ಒದಗಿಸುವ ಹಿಂಸಾದಾನವನ್ನು ಸಮಂತಭದ್ರಾಚಾರ್ಯರು ಅನರ್ಥದಂಡಗಳಲ್ಲಿ ಎಣಿಸಿದ್ದಾರೆ. ಕಾವಲುಗಾರನ ಕೈಗೆ ಬಂದೂಕು ಕೊಡುವ ಮುನ್ನ ಇದನ್ನು ನೆನೆಯಬೇಕು. ಗಟ್ಟಿ ಬಾಗಿಲು, ಅಂಗಳದ ದೀಪ, ಮನೆಯಲ್ಲಿ ನಗನಾಣ್ಯ ಕೂಡಿಡದಿರುವುದು, ಕೂಗಿದರೆ ಓಡಿಬರುವ ನೆರೆಹೊರೆ: ಇವು ನಮ್ಮ ಹಿರಿಯರ ಕಾವಲು. ಮೊದಲು ಇವನ್ನು ಗಟ್ಟಿಮಾಡೋಣ.